ತಾಯಿ ಮೇಲೆ, ಮೊಟ್ಟೆ ಕೆಳಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೋಣಿಯ ಎಂಜಿನ್ ನಿಂತ ಕೂಡಲೇ ಸುತ್ತಲಿನ ಸಣ್ಣ ಸದ್ದುಗಳೆಲ್ಲ ಒಮ್ಮೆಗೇ ಕಿವಿಗೆ ಬೀಳುತ್ತವೆ: ಮರಕ್ಕೆ ಬಡಿಯುವ ನೀರು, ರಾಟೆಯ ಕಿರುಗುಟ್ಟು, ದೋಣಿಯವರ ಕೆಮ್ಮು. ಲಂಗರು ಹಾಕಿ ಬಿಟ್ಟ ಹಳದಿ ಪೀಪಾಯಿಯೊಂದು ಪಕ್ಕದಲ್ಲಿ ತಲೆ ಅಲ್ಲಾಡಿಸುತ್ತಿದೆ. ಇಷ್ಟು ದೊಡ್ಡ ಕಡಲಿನಲ್ಲಿ ಈ ಒಂದೇ ಜಾಗಕ್ಕೆ, ವಾರಕ್ಕೊಮ್ಮೆ, ಸುಮಾರು ಮೂವತ್ತು ವರ್ಷಗಳಿಂದ ದೋಣಿ ಬಂದು ನಿಲ್ಲುತ್ತಿದೆ. ಮೊಣಕಾಲಿನವರೆಗೆ ರಬ್ಬರ್ ಬೂಟು, ಕಣ್ಣಿಗೆ ಈಜುಗಾರರ ಕನ್ನಡಕದಂಥದ್ದು ತೊಟ್ಟ ಹೆಂಗಸೊಬ್ಬರು ಅಂಚಿಗೆ ಬಂದು ಉದ್ದನೆಯ ಬಿಳಿ ಬಲೆಯನ್ನು ನೀರಿಗೆ ಇಳಿಬಿಡುತ್ತಾರೆ. ಮೀನಿನ ಬಲೆಯಲ್ಲ ಇದು. ಹಿಟ್ಟು ಜಾಲಿಸುವ ಜರಡಿಗಿಂತ ನಯವಾದ ಬಟ್ಟೆಯದು. ತುದಿಯಲ್ಲಿ ಒಂದು ಬಾಟಲಿ.

"ನಿಧಾನ ಅಣ್ಣಾ, ನಿಧಾನ. ತುಂಬಿದ ಬಸುರಿಯರಿದ್ದಾರೆ ಒಳಗೆ."

ರಾಟೆ ತಿರುಗಿಸುತ್ತಿರುವ ದೋಣಿಯವರು ತಲೆ ಎತ್ತುವುದಿಲ್ಲ. "ಇದ್ದಾರಮ್ಮ, ಯಾವಾಗ ತಾನೇ ಇರಲಿಲ್ಲ! ಇಷ್ಟು ವರ್ಷ ಬಸುರಿಯರನ್ನ ಹೊತ್ತಿದ್ದೀನಿ, ಒಂದು ಹೆರಿಗೆಗಾದ್ರೂ ಸಿಹಿ ಕೊಟ್ಟಿದ್ದೀಯಾ ನೀನು?"

"ಒಂದೊಂದು ಹೆರಿಗೆಗೂ ಕೊಡ್ತಾ ಬಂದಿದ್ರೆ ನಿನಗೆ ಇಷ್ಟೊತ್ತಿಗೆ ಸಕ್ಕರೆ ಕಾಯಿಲೆ ಬರ್ತಿತ್ತು."

ಬಾಟಲಿ ಮೇಲೆ ಬರುತ್ತದೆ. ಬರಿಗಣ್ಣಿಗೆ ಅದು ಸ್ವಲ್ಪ ಕದಡಿದ ನೀರು, ಅಷ್ಟೆ. ಆ ಹೆಂಗಸು ಅದನ್ನು ಮೂಡಣದ ಬೆಳಕಿಗೆ ಹಿಡಿದು, ಮೊದಲು ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು ಮುಚ್ಚಿ ನೋಡುತ್ತಾರೆ. ನೀರಿನೊಳಗೆ ಧೂಳಿನಂಥ ಕಣಗಳು ಕುಪ್ಪಳಿಸುತ್ತಿವೆ. "ಈ ಕಣ್ಣಿಗೆ ಬೆಳ್ಳಗೆ, ಆ ಕಣ್ಣಿಗೆ ಹಳದಿ," ಎಂದು ತಮಗೆ ತಾವೇ ಹೇಳಿಕೊಂಡು ನಗುತ್ತಾರೆ. ಬಲಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರು ಕಡಲಿಗೆ ಬಂದಿರುವುದು ಇದೇ ಮೊದಲು.

ದಡದ ಸಂಶೋಧನಾಲಯದಲ್ಲಿ ಅವರ ಹುದ್ದೆಗೆ ಉದ್ದವಾದ ಹೆಸರಿದೆ. ಅದನ್ನು ಯಾರೂ ಬಳಸುವುದಿಲ್ಲ. ಎಲ್ಲರಿಗೂ ಅವರು ಸೂಲಗಿತ್ತಿ. ಹೆಸರಿಟ್ಟವರು ಈ ದೋಣಿಯವರೇ. ಇಟ್ಟಾಗ ತಮಾಷೆಯಾಗಿತ್ತು, ಈಗ ಅದು ವಿಳಾಸವಾಗಿದೆ. ಕಡಲಿನ ತಾಯಂದಿರು ದಿನಕ್ಕೆ ಎಷ್ಟು ಹಡೆಯುತ್ತಾರೆ ಎಂದು ನೋಡುವುದು ಅವರ ಕೆಲಸ. ಕಳೆದ ಎರಡು ಸೆಕೆಗಾಲಗಳಲ್ಲಿ ಆ ಲೆಕ್ಕ ಇಳಿಯುತ್ತ ಹೋಯಿತು. ಕಡಲು ಬಡವಾಯಿತೋ, ಎಣಿಸುವ ಕಣ್ಣು ಬಡವಾಯಿತೋ? ಈ ಒಂದು ಪ್ರಶ್ನೆ ಅವರ ಊಟ, ನಿದ್ದೆ ಎರಡನ್ನೂ ಕಸಿದುಕೊಂಡಿತ್ತು.

ತಾಯಂದಿರು ಎಂದರೆ ಯಾರು? ಅಲೆ ಒಯ್ದತ್ತ ಒಯ್ಯಿಸಿಕೊಳ್ಳುತ್ತ ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳಿಗೆ ಪಠ್ಯಪುಸ್ತಕಗಳು ಪ್ರಾಣಿಪ್ಲವಕ ಎನ್ನುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿರುವುದು ಕೋಪಿಪಾಡ್ ಎಂಬ ಜೀವಿ. ಸಿಗಡಿಯ ದೂರದ ಬಂಧು. ಉದ್ದ ಒಂದು ಸಾಸಿವೆ ಕಾಳಿನಷ್ಟೂ ಇಲ್ಲ. ಕಣ್ಣಿಗೆ ಕಾಣದ ಪಾಚಿಯನ್ನು ಇದು ತಿನ್ನುತ್ತದೆ, ಮೀನಿನ ಮರಿಗಳು ಇದನ್ನು ತಿನ್ನುತ್ತವೆ, ಆ ಮೀನನ್ನು ನಾವು ತಿನ್ನುತ್ತೇವೆ. ಈ ವರ್ಷ ಕೋಪಿಪಾಡ್ ಮೊಟ್ಟೆ ಇಡದಿದ್ದರೆ ಮುಂದೆ ಯಾವುದೋ ಒಂದು ವರ್ಷ ಮೀನುಪೇಟೆಯ ಕಲ್ಲುಹಾಸು ಒಣಗಿರುತ್ತದೆ. ಕಡಲಿನ ಆರೋಗ್ಯ ನೋಡಲು ಹಲವು ದಾರಿಗಳಿವೆ. ಹೆಣ್ಣುಗಳು ಎಷ್ಟು ಹಡೆಯುತ್ತಿವೆ ಎಂದು ಕೇಳುವುದು ಅವುಗಳಲ್ಲಿ ಅತ್ಯಂತ ನೇರವಾದದ್ದು.

ಕೇಳುವ ವಿಧಾನವನ್ನು ನೋಡಲು ಅವರ ಕೋಣೆಗೆ ಹೋಗಬೇಕು. ಬಾಗಿಲ ಮೇಲೆ ಇರುವುದು ಬರೀ ಕೋಣೆಯ ಸಂಖ್ಯೆ. ಒಳಗಿನವರ ಬಾಯಲ್ಲಿ ಅದು ಬಾಣಂತಿ ಕೋಣೆ. ಅಂದಂದಿನ ಕಡಲಿನ ನೀರು ಎಷ್ಟು ಬೆಚ್ಚಗಿರುತ್ತದೋ ಅಷ್ಟೇ ಬೆಚ್ಚಗೆ ಕೋಣೆಯನ್ನೂ ಇಡುತ್ತಾರೆ. ಬಾಗಿಲು ಹಾಕಿದರೆ ಕತ್ತಲು, ಯಂತ್ರದ ಗುಂಯ್ ಎಂಬ ಸದ್ದು, ಉಪ್ಪಿನ ವಾಸನೆ. ಗೋಡೆಗೆ ಒರಗಿದ ಕಪಾಟಿನಲ್ಲಿ ಹಳೆಯ ಮಾದರಿಗಳ ಸಣ್ಣ ಶೀಶೆಗಳು. ಸೂಕ್ಷ್ಮದರ್ಶಕದ ಮುಂದೆ ಒಂದು ಸ್ಟೂಲು, ಅದರ ಮೇಲೆ ಕಾಟನ್ ಚೂರುಗಳನ್ನು ಜೋಡಿಸಿ ಹೊಲಿದ ದಿಂಬು.

ಸೂಲಗಿತ್ತಿ ಬಾಟಲಿಯ ನೀರನ್ನು ತಟ್ಟೆಗೆ ಸುರಿದು, ಗಾಜಿನ ಕೊಳವೆಯೊಂದನ್ನು ಹಿಡಿದು ಕೂರುತ್ತಾರೆ. ನೂರಾರು ಜೀವಿಗಳು ಜಿಗಿದಾಡುತ್ತಿರುವ ತಟ್ಟೆಯಲ್ಲಿ ಬೇಕಾದ ಜಾತಿಯದನ್ನು, ಅದರಲ್ಲೂ ಹೆಣ್ಣನ್ನು, ಅದರಲ್ಲೂ ಮೀಸೆ ಮುರಿಯದೆ ಗಟ್ಟಿಮುಟ್ಟಾಗಿರುವುದನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಮೇಲೆತ್ತುತ್ತಾರೆ. ಒಂದೊಂದು ಲೋಟಕ್ಕೆ ಒಂದೊಂದು ಹೆಣ್ಣು. ಲೋಟದೊಳಗೆ ಇನ್ನೊಂದು ಸಣ್ಣ ಕೊಳವೆ, ಅದರ ತಳಕ್ಕೆ ಜಾಲರಿ. ಹೆಣ್ಣು ಜಾಲರಿಯ ಮೇಲೆ ಈಜಾಡಿಕೊಂಡಿರುತ್ತದೆ. ಇಟ್ಟ ಮೊಟ್ಟೆ ತೂತಿನಿಂದ ಕೆಳಗೆ ಬೀಳುತ್ತದೆ. ಮಾರನೆಯ ದಿನ ಇದೇ ಹೊತ್ತಿಗೆ ಕೆಳಗಿನ ಮೊಟ್ಟೆಗಳನ್ನು ಎಣಿಸಬೇಕು.

"ಜಾಲರಿ ಇಲ್ದೇ ಇದ್ರೆ ಇವಳು ತನ್ನ ಮೊಟ್ಟೆ ತಾನೇ ತಿಂದುಬಿಡ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಮಾತು ನಮ್ಮ ಕಡಲಲ್ಲಿ ನಡೆಯಲ್ಲ. ಬೈಯೋಕೂ ಆಗಲ್ಲ ಬಿಡಿ, ಅವಳಿಗೆ ಅದು ಮೊಟ್ಟೆ ಅಂತ ಗೊತ್ತಿರಲ್ಲ. ಎದುರಿಗೆ ಬಂದದ್ದು ಊಟ, ಅಷ್ಟೆ. ಅದಕ್ಕೇ ತಾಯಿ ಮೇಲೆ, ಮೊಟ್ಟೆ ಕೆಳಗೆ."

ಈ ಸೂತ್ರವನ್ನು ಅವರು ಕಲಿತದ್ದು ತಪ್ಪು ಮಾಡಿ. ಅವರ ಗಂಡ ದರ್ಜಿ. ಪೇಟೆಯ ಓಣಿಯೊಂದರಲ್ಲಿ ಒಂದೇ ಬಾಗಿಲಿನ ಅಂಗಡಿ, ಎರಡು ಹೊಲಿಗೆ ಯಂತ್ರ. ಸಂಶೋಧನಾಲಯದ ಹರಿದ ಬಲೆ ಒಮ್ಮೆ ಅಲ್ಲಿಗೆ ರಿಪೇರಿಗೆ ಬಂತು. ಹೊಲಿದು ಹಿಂದಿರುಗಿಸಲು ಹೋದದ್ದು ಹೆಂಡತಿ, ಆಗ ಅವರು ಕುಪ್ಪಸಗಳ ಮೇಲೆ ಮಣಿ ಕೂರಿಸುವ ಕೆಲಸ ಮಾಡುತ್ತಿದ್ದರು. ಅಂದಿನ ಹಿರಿಯ ವಿಜ್ಞಾನಿ ಹೊಲಿಗೆಯನ್ನು ಭೂತಗನ್ನಡಿಯಲ್ಲಿ ನೋಡಿ, ಇದು ಯಾರ ಕೈ ಎಂದು ಕೇಳಿ, ಸುಮ್ಮನೆ ಒಂದು ಸಲ ಈ ಹುಳ ಹಿಡಿದು ತೋರಿಸಮ್ಮ ಎಂದರಂತೆ. ಹಿಡಿದರು. ಮುಂದಿನ ವಾರದಿಂದ ಕೆಲಸಕ್ಕೆ ಬಂದರು. ಅತ್ತೆಗೆ ಮಾತ್ರ ವಿಷಯ ಜೀರ್ಣವಾಗಲಿಲ್ಲ. "ನಮ್ಮ ಸೊಸೆ ಹುಳದ ಹೆರಿಗೆ ಮಾಡಿಸೋಕೆ ಹೋಗ್ತಾಳೆ, ಸಂಬಳ ಬೇರೆ ಕೊಡ್ತಾರಂತೆ!" ಎಂದು ಓಣಿಯ ತುಂಬ ಹೇಳಿಕೊಂಡು ಬಂದರು. ಅರ್ಧ ಕುಹಕ, ಅರ್ಧ ಜಂಬ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಳವೆಗಳಿಗೆ ಜಾಲರಿ ಕಟ್ಟುವ ಕೆಲಸ ಅವರ ಪಾಲಿಗೆ ಬಂತು. ಇರುವ ಜಾಲರಿ ಒರಟು ಎನಿಸಿ, ಬಲೆ ಹೊಲಿದು ಉಳಿದ ನಯವಾದ ಬಟ್ಟೆಯನ್ನೇ ಮುದ್ದಾಗಿ ಕತ್ತರಿಸಿ ಕಟ್ಟಿದರು. ದರ್ಜಿಯ ಮನೆಯವರು ಮಾತ್ರ ಮಾಡಬಹುದಾದ ತಪ್ಪು. ಮಾರನೆಯ ದಿನ ನೋಡಿದರೆ ಲೋಟಗಳ ತಳದಲ್ಲಿ ಒಂದು ಮೊಟ್ಟೆಯೂ ಇಲ್ಲ. "ಇಟ್ಟಿಲ್ಲ ಸಾರ್," ಎಂದು ಹಿರಿಯರಿಗೆ ವರದಿ ಕೊಟ್ಟರು. ಹಿರಿಯರು ಬಂದು ನೋಡಿ ಗದರಲಿಲ್ಲ. "ಇಟ್ಟಿಲ್ಲ ಅನ್ನೋದು ಬೇರೆ, ನಮಗೆ ಕಾಣಲಿಲ್ಲ ಅನ್ನೋದು ಬೇರೆ," ಎಂದರು. ತೂತು ಮೊಟ್ಟೆಗಿಂತ ಕಿರಿದಾಗಿತ್ತು. ಮೊಟ್ಟೆಗಳು ಜಾಲರಿಯ ಮೇಲೇ ಉಳಿದಿದ್ದವು. ಮೇಲೆ ತಾಯಂದಿರು ದುಂಡಗಾಗಿದ್ದರು.

ಅಲ್ಲಿಂದ ಇಲ್ಲಿಯವರೆಗೆ ಹಿರಿಯರು ನಿವೃತ್ತರಾದರು, ಕಟ್ಟಡಕ್ಕೆ ಎರಡು ಸಲ ಸುಣ್ಣ ಬಳಿದರು, ದೋಣಿ ಬದಲಾಯಿತು. ವಾರಕ್ಕೆ ಎರಡು ಡಜನ್ ತಾಯಂದಿರು, ಒಬ್ಬೊಬ್ಬಳ ಮೊಟ್ಟೆ ಬೇರೆ ಬೇರೆ ಎಣಿಕೆ, ಇದು ಬದಲಾಗಲಿಲ್ಲ. ಇಂಥ ಕೆಲಸದಲ್ಲಿ ಒಂದು ವಾರದ ಅಂಕಿಗೆ ಬೆಲೆಯಿಲ್ಲ, ಒಂದು ವರ್ಷದ್ದಕ್ಕೂ ಅಷ್ಟಕ್ಕಷ್ಟೆ. ಒಂದೇ ಜಾಗ, ಒಂದೇ ವಿಧಾನ, ವರ್ಷ ವರ್ಷ. ಆಗ ಮಾತ್ರ ಕಡಲು ಏನು ಹೇಳುತ್ತಿದೆ ಎಂಬುದು ನಿಧಾನವಾಗಿ ಕೇಳಿಸತೊಡಗುತ್ತದೆ.

ಅದಕ್ಕೇ ಎರಡು ವರ್ಷಗಳ ಹಿಂದೆ ಸೆಕೆಯ ತಿಂಗಳುಗಳಲ್ಲಿ ಮೊಟ್ಟೆಗಳು ಕಡಿಮೆಯಾದಾಗ ಯಾರೂ ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಚಳಿಯ ತಿಂಗಳುಗಳಲ್ಲಿ ಎಣಿಕೆ ಮತ್ತೆ ಸರಿಯಾಯಿತು. ಮುಂದಿನ ಸೆಕೆಗೆ ಪುನಃ ಬಿತ್ತು, ಇನ್ನೂ ಕೆಳಗೆ. ಈಗಿನ ಮುಖ್ಯಸ್ಥೆಗೆ, ಸೂಲಗಿತ್ತಿಯ ಬಾಯಲ್ಲಿ ಬರೀ ಮೇಡಂ ಆಗಿರುವ ವಿಜ್ಞಾನಿಗೆ, ಚಿತ್ರ ಸ್ಪಷ್ಟವಾಗಿ ಕಂಡಿತು. ನೀರು ವರ್ಷದಿಂದ ವರ್ಷಕ್ಕೆ ಬೆಚ್ಚಗಾಗುತ್ತಿದೆ, ಬಿಸಿ ತಾಳದೆ ತಾಯಂದಿರು ಸೋಲುತ್ತಿದ್ದಾರೆ. ಅವರು ಪ್ರಬಂಧ ಬರೆಯತೊಡಗಿದರು. ದುಃಖದ ಸುದ್ದಿ, ಆದರೆ ಜಗತ್ತಿಗೆ ಬೇಕಾದ ಸುದ್ದಿ.

ಅಷ್ಟರಲ್ಲಿ ದರ್ಜಿ ಅಂಗಡಿಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ರಜೆಯ ದಿನ ಸೂಲಗಿತ್ತಿ ಗಂಡನಿಗೆ ಕೈಜೋಡಿಸಲು ಕೂತಿದ್ದರು. ಗಂಡ ಕೆನೆಬಣ್ಣದ ದಾರ ಕೇಳಿದರು. ಇವರು ಎತ್ತಿಕೊಟ್ಟರು.

"ಇದು ಬಿಳಿ ಕಣೇ."

"ಕಣ್ಣು ಬಿಟ್ಟು ನೋಡ್ರಿ, ಕೆನೆ."

"ಬಾಗಿಲಿಗೆ ಬಾ, ಬಿಸಿಲಲ್ಲಿ ನೋಡು. ನನ್ನ ಕಣ್ಣು ಬಿಟ್ಟೇ ಇದೆ. ನಿನ್ನದಕ್ಕೆ ಏನೋ ಮುಚ್ಚಿಕೊಂಡಿದೆ."

ಬಾಗಿಲಿಗೆ ಹೋದರು. ಎರಡು ರೀಲುಗಳನ್ನು ಅಕ್ಕಪಕ್ಕ ಹಿಡಿದರು. ಅವರ ಕಣ್ಣಿಗೆ ಎರಡೂ ಒಂದೇ ಬಣ್ಣ.

"ನಮ್ಮನೆಯವರು ಹೇಳಿದ್ದೇ ಸರಿಯಾಗಿತ್ತು," ಎನ್ನುತ್ತಾರೆ ಸೂಲಗಿತ್ತಿ. "ದಾರ ಹಾಳಾಗಿ ಹೋಗ್ಲಿ. ನನಗೆ ತಕ್ಷಣ ನೆನಪಾದದ್ದು ಸಿಪ್ಪೆ."

ಸಿಪ್ಪೆಯ ವಿಷಯ ಹೀಗಿದೆ. ಇಟ್ಟ ಮೊಟ್ಟೆಗಳೆಲ್ಲ ಎಣಿಕೆಯ ಹೊತ್ತಿನವರೆಗೆ ಕಾಯುತ್ತ ಕೂರುವುದಿಲ್ಲ. ಕೆಲವು ಮೊದಲೇ ಒಡೆದು ಮರಿಯಾಗುತ್ತವೆ. ಮರಿಗಳನ್ನು ನಂಬಿ ಎಣಿಸುವಂತಿಲ್ಲ, ಜಾಲರಿಯ ತೂತಿನಿಂದ ಮೇಲೆ ನುಸುಳಿ ತಾಯಿಯ ಬಾಯಿಗೇ ಬೀಳುವುದುಂಟು. ಹಾಗಾಗಿ ತಳದಲ್ಲಿ ಉಳಿದ ಒಡೆದ ಸಿಪ್ಪೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಸಿಪ್ಪೆ ಎಂದರೆ ಒಂದು ಮೊಟ್ಟೆ. ಮೊಟ್ಟೆಗಾದರೆ ಬಣ್ಣವಿದೆ, ಗಾತ್ರವಿದೆ. ಸಿಪ್ಪೆ ಎಂದರೆ ಕನ್ನಡಿಯ ಮೇಲೆ ಬಿಟ್ಟ ಉಸಿರಿನಷ್ಟು, ಸೂಕ್ಷ್ಮದರ್ಶಕದಲ್ಲೂ ಅಷ್ಟೇ. ಪೊರೆ ಬಂದ ಕಣ್ಣು ಮೊದಲು ಕಳೆದುಕೊಳ್ಳುವುದು ಇಂಥವನ್ನೇ. ನೀರು ಬೆಚ್ಚಗಾದಷ್ಟೂ ಮೊಟ್ಟೆ ಬೇಗ ಒಡೆಯುತ್ತದೆ, ಸಿಪ್ಪೆಗಳು ಹೆಚ್ಚುತ್ತವೆ. ಚಳಿಯಲ್ಲಿ ಮೊಟ್ಟೆಗಳು ಮೊಟ್ಟೆಗಳಾಗಿಯೇ ಉಳಿದಿರುತ್ತವೆ. ಎಣಿಕೆ ಬಿದ್ದದ್ದು ಸೆಕೆಯಲ್ಲಿ ಮಾತ್ರ ಎಂಬುದನ್ನು ಬಾಗಿಲಲ್ಲಿ ನಿಂತೇ ಅವರು ಈ ಮಾತಿನ ಪಕ್ಕದಲ್ಲಿಟ್ಟು ನೋಡಿದರು.

ಗಂಡನಿಗೆ ಹೇಳಿದರು. ಅವರು ಯಂತ್ರ ನಿಲ್ಲಿಸಿ ಕೇಳಿಸಿಕೊಂಡು, "ನಿಮ್ಮ ಮೇಡಂ ಆಗಲೇ ಬರೀತಿದ್ದಾರೆ ಅಂದೆಯಲ್ಲ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ ಹಾಗಾಯ್ತಲ್ಲೇ ಅದು," ಎಂದರು.

"ಕೂಸು ಹುಟ್ಟಿದೆ ರೀ. ಹುಟ್ಟಿ ಎದ್ದು ಹೋಗಿದೆ. ನನಗೆ ತೊಟ್ಟಿಲು ಕಾಣಲಿಲ್ಲ. ಹಾಗೆ ಆಗಿರಬಹುದು, ಆಗಿಲ್ದೇನೂ ಇರಬಹುದು."

ಹೇಳಿದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸೂಕ್ಷ್ಮದರ್ಶಕದ ಮುಂದಿನ ಸ್ಟೂಲು ಹೋಗಬಹುದು. ಹೋದರೆ ಹೋಗಲಿ, ವಯಸ್ಸೂ ಆಯಿತು. ಆದರೆ ಎರಡು ವರ್ಷ ಕೆಟ್ಟಿದೆ ಎಂದಾದರೆ ಉಳಿದ ವರ್ಷಗಳನ್ನು ಯಾರು ನಂಬುತ್ತಾರೆ? ಜೀವಮಾನವಿಡೀ ಕಣ್ಣಲ್ಲಿ ಕಣ್ಣಿಟ್ಟು ಎಣಿಸಿದ್ದಕ್ಕೆಲ್ಲ ಒಂದೇ ಕಲೆ. ಮಾರನೆಯ ದಿನ ಮೇಡಂ ಮೇಜಿನ ಮುಂದೆ ನಿಂತು ಅವರು ಆಡಿದ್ದು ಒಂದೇ ಮಾತು: "ನನ್ನ ಕಣ್ಣನ್ನ ಪರೀಕ್ಷೆ ಮಾಡಿ ಮೇಡಂ. ಆಮೇಲೆ ಕಡಲಿನ ಮೇಲೆ ತಪ್ಪು ಹೊರಿಸಿ."

ಮೇಡಂ ಆ ದಿನವನ್ನು ನೆನೆಸಿಕೊಂಡು ಈಗ ನಗುತ್ತಾರೆ. "ನನಗೆ ಮೊದಲು ಬಂದದ್ದು ಸಿಟ್ಟು. ಪ್ರಬಂಧ ಮುಗಿಯೋಕೆ ಬಂದಿತ್ತು. ಐದು ನಿಮಿಷ ಆದ್ಮೇಲೆ ನಾಚಿಕೆ ಆಯ್ತು. ಅಮ್ಮ ಕನ್ನಡಕ ಒರೆಸೋದು ಜಾಸ್ತಿ ಆಗಿತ್ತು, ನಾನು ನೋಡಿದ್ದೆ. ಕೇಳಬೇಕು ಅಂತ ನನಗೆ ಹೊಳೀಲಿಲ್ಲ." ಕಚೇರಿಯಲ್ಲಿ ಇವರು ಅವರಿಗೆ ಮೇಡಂ, ಅವರು ಇವರಿಗೆ ಅಮ್ಮ. ಯಾರು ಯಾರಿಗೆ ಮೇಲಧಿಕಾರಿ ಎಂಬುದನ್ನು ಹೊಸಬರು ಸಂಬಳದ ದಿನವೇ ತಿಳಿಯುವುದು.

ಎಣಿಸಿ ಮುಗಿದ ಪ್ರತಿ ಲೋಟದ ತಳದಲ್ಲಿರುವುದನ್ನೂ ಕೆಡದಂತೆ ಔಷಧಿ ಹಾಕಿ ಶೀಶೆಯಲ್ಲಿ ತುಂಬಿಡುವುದು ಹಿರಿಯರ ಕಾಲದಿಂದ ಬಂದ ಅಭ್ಯಾಸ. ಮೇಡಂ ಕಪಾಟಿನಿಂದ ಶೀಶೆಗಳನ್ನು ಇಳಿಸಿದರು. ಕೆಟ್ಟ ಎರಡು ಸೆಕೆಗಳವು, ಅವುಗಳ ಜೊತೆ ಸೂಲಗಿತ್ತಿಯ ಕಣ್ಣು ಚೆನ್ನಾಗಿದ್ದ ಹಳೆಯ ಸೆಕೆಗಳವು. ವರ್ಷ ತಿಳಿಯದಂತೆ ಎಲ್ಲದರ ಚೀಟಿ ಮುಚ್ಚಿ, ಕಲಸಿ ಇಟ್ಟರು. ಒಂದೊಂದಕ್ಕೂ ಗುಲಾಬಿ ಬಣ್ಣದ ಒಂದು ತೊಟ್ಟು. ಬಣ್ಣ ಹೀರಿದ ಮೇಲೆ ಸಿಪ್ಪೆಗೆ ಅಡಗಲು ಜಾಗವಿಲ್ಲ. ಎಣಿಸುವವರು ಮೇಡಂ, ಸ್ವತಃ. "ಮೇಡಂಗೆ ಲೆಕ್ಕ ಬರತ್ತೆ, ಎಣಿಕೆ ಬರಲ್ಲ ಅಂತ ನಾನೇ ಹಾಸ್ಯ ಮಾಡ್ತಿದ್ದೆ," ಎನ್ನುತ್ತಾರೆ ಸೂಲಗಿತ್ತಿ. "ಬೆನ್ನು ನೋವು, ಕುತ್ತಿಗೆ ನೋವು, ಹತ್ತು ನಿಮಿಷಕ್ಕೆ ಎದ್ದುಬಿಡೋರು. ಆಗ ಮಾತ್ರ ವಾರಗಟ್ಟಲೆ ಕೂತ್ರು, ಪಾಪ. ನಾನು ನನ್ನ ದಿಂಬು ಕೊಟ್ಟೆ."

ಆ ವಾರಗಳನ್ನು ಹೇಗೆ ಕಳೆದರು? ಈ ಪ್ರಶ್ನೆಗೆ ಸೂಲಗಿತ್ತಿ, "ಯಾರಾದ್ರೂ ತಮ್ಮ ಕಣ್ಣು ಚೆನ್ನಾಗಿರಲಿ ಅಂತ ಬೇಡ್ಕೋತಾರೆ. ನಾನು ಕೆಟ್ಟಿರಲಿ ಅಂತ ಬೇಡ್ಕೊಂಡೆ," ಎನ್ನುತ್ತಾರೆ. "ನನ್ನ ಕಣ್ಣಿಗೆ ಆಸ್ಪತ್ರೆ ಇದೆ. ಆ ನೀರಿಗೆ ಎಲ್ಲಿದೆ?"

ಚೀಟಿಗಳನ್ನು ಬಿಚ್ಚಿದ ದಿನ ಮೇಡಂ ಅವರನ್ನು ಕರೆಯಲಿಲ್ಲ, ತಾವೇ ಬಾಣಂತಿ ಕೋಣೆಗೆ ಬಂದರು. ಹಳೆಯ ಸೆಕೆಗಳ ಎಣಿಕೆ ಸೂಲಗಿತ್ತಿಯ ಅಂದಿನ ಅಂಕಿಗೆ ಹೆಚ್ಚುಕಡಿಮೆ ತಾಳೆಯಾಗಿತ್ತು. ಕೆಟ್ಟ ಎರಡು ಸೆಕೆಗಳಲ್ಲಿ ಮೊಟ್ಟೆಗಳ ಎಣಿಕೆ ಸರಿ. ಸಿಪ್ಪೆಗಳು ಅವರು ಬರೆದದ್ದಕ್ಕಿಂತ ಎಷ್ಟೋ ಹೆಚ್ಚು. ಎರಡನ್ನೂ ಕೂಡಿಸಿದರೆ ಹಿಂದಿನ ವರ್ಷಗಳ ಸೆಕೆಯಷ್ಟೇ ಬರುತ್ತಿತ್ತು. ತಾಯಂದಿರು ಹಡೆಯುವುದನ್ನು ನಿಲ್ಲಿಸಿರಲಿಲ್ಲ. ನೀರಿನ ಬಿಸಿಗೆ ಮರಿಗಳು ಮೊದಲಿಗಿಂತ ಅವಸರದಲ್ಲಿ ಹೊರಬರುತ್ತಿದ್ದವು, ಅಷ್ಟೆ. ಅದೂ ಗಮನಿಸಬೇಕಾದ ಬದಲಾವಣೆಯೇ, ಮೇಡಂ ಈಗ ಬರೆಯುತ್ತಿರುವುದು ಅದರ ಬಗ್ಗೆಯೇ. ಆದರೆ ಬಡತನ ಬೇರೆ, ಅವಸರ ಬೇರೆ.

"ಅಮ್ಮ, ನಿಮ್ಮ ಕಣ್ಣೇ," ಎಂದರಂತೆ ಮೇಡಂ, ಹೇಗೆ ಹೇಳುವುದು ಎಂದು ತಿಳಿಯದೆ.

ಸೂಲಗಿತ್ತಿ ಸ್ಟೂಲಿನ ಮೇಲೆ ಕೂತು ಅತ್ತರು. ಮೇಡಂ ಗಾಬರಿಯಾಗಿ ಸಮಾಧಾನ ಮಾಡಹೋದರೆ, "ಖುಷಿಗೆ ಮೇಡಂ, ಖುಷಿಗೆ. ಎಲ್ಲ ಚೆನ್ನಾಗಿದ್ದಾರೆ," ಎಂದರು. ಅಂದು ಸಂಜೆ ದೋಣಿಯವರಿಗೆ ಬೇಕರಿಯಿಂದ ಒಂದು ದೊಡ್ಡ ಪೊಟ್ಟಣ ಹೋಯಿತು. ತಪ್ಪು ಮಾಡಿ ಸಿಹಿ ಹಂಚಿದವರನ್ನು ತಾವು ಅದುವರೆಗೆ ಕಂಡಿರಲಿಲ್ಲ ಎಂದು ದೋಣಿಯವರು ಹೇಳುತ್ತಾರೆ, ಆದರೂ ಪೊಟ್ಟಣ ಪೂರ್ತಿ ಖಾಲಿ ಮಾಡಿದ್ದನ್ನು ಒಪ್ಪಿಕೊಳ್ಳುತ್ತಾರೆ.

ಕಲೆ ಉಳಿಯಿತೇ? ಆ ಎರಡು ಸೆಕೆಗಳ ಅಂಕಿ ತಿದ್ದುಪಡಿಯಾಗಿದೆ, ಕಾರಣವನ್ನೂ ಅಡಿಯಲ್ಲಿ ಬರೆಯಲಾಗಿದೆ. ಚೀಟಿ ಮುಚ್ಚಿ ಎಣಿಸಿದಾಗ ಹಳೆಯ ವರ್ಷಗಳು ತಾಳೆಯಾದ್ದರಿಂದ ಅವುಗಳ ಮೇಲಿನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ ಎಂದು ಮೇಡಂ ಹೇಳುತ್ತಾರೆ. ಸೂಲಗಿತ್ತಿ ಇದನ್ನು ಪೂರ್ತಿ ಒಪ್ಪುವುದಿಲ್ಲ. "ಒಬ್ಬಳ ಕಣ್ಣನ್ನ ಇಷ್ಟು ವರ್ಷ ನಂಬಿದ್ದೇ ತಪ್ಪು," ಎನ್ನುತ್ತಾರೆ. ಅವರ ಒತ್ತಾಯದಿಂದ ಹೊಸ ನಿಯಮ ಬಂದಿದೆ. ಇನ್ನು ಮೇಲೆ ಪ್ರತಿ ಲೋಟವನ್ನೂ ಇಬ್ಬರು ಎಣಿಸಬೇಕು, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ತಿಳಿಯದಂತೆ. ಇಬ್ಬರೂ ಮುಗಿಸಿದ ಮೇಲೆ ಹೋಲಿಸಬೇಕು.

ದೋಣಿಯಲ್ಲಿ ಹೋಗಿಬಂದ ಮಾರನೆಯ ಬೆಳಗ್ಗೆ ಆ ನಿಯಮದ ಮೊದಲ ಎಣಿಕೆ. ಸೂಲಗಿತ್ತಿ ಹೊಸ ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಒಡ್ಡುತ್ತಾರೆ. "ಅಯ್ಯೋ," ಎನ್ನುತ್ತಾರೆ. ತಟ್ಟೆಯ ತಳದಲ್ಲಿ ಸಿಪ್ಪೆಗಳು ಒಂದೊಂದೂ ಅಂಚು ಕತ್ತರಿಸಿಟ್ಟಂತೆ ಎದ್ದು ಕಾಣುತ್ತಿವೆ. ತುಟಿ ಅಲುಗಾಡುತ್ತದೆ, ಬೆರಳು ಎಣಿಕೆಯ ಗುಂಡಿಯನ್ನು ಒತ್ತುತ್ತದೆ. ಎದ್ದು ಜಾಗ ಬಿಡುತ್ತಾರೆ. ಮೇಡಂ ಕೂರುತ್ತಾರೆ, ಈ ಸಲ ಮಧ್ಯದಲ್ಲಿ ಏಳುವುದಿಲ್ಲ.

ಹನ್ನೊಂದು ಲೋಟಗಳು ತಾಳೆಯಾಗುತ್ತವೆ. ಹನ್ನೆರಡನೆಯದರಲ್ಲಿ ಮೇಡಂ ಹೇಳಿದ್ದು ಒಂದು ಹೆಚ್ಚು.

"ಇಲ್ಲ ಮೇಡಂ, ಇನ್ನೊಂದ್ಸಲ ನೋಡಿ."

"ನೀವೇ ನೋಡಿ ಅಮ್ಮ. ಎಡಗಡೆ, ತಾಯಿಯ ಹಿಕ್ಕೆ ಇದೆಯಲ್ಲ, ಅದರ ಕೆಳಗೆ."

ಸೂಲಗಿತ್ತಿ ಬಗ್ಗುತ್ತಾರೆ. ಸೂಜಿಮೊನೆಯಿಂದ ಹಿಕ್ಕೆಯನ್ನು ಮೆಲ್ಲಗೆ ಸರಿಸುತ್ತಾರೆ. ಅದರ ಕೆಳಗೆ, ಎರಡಾಗಿ ಮಡಚಿಕೊಂಡ ಒಂದು ಸಿಪ್ಪೆ. ಬಹಳ ಹೊತ್ತು ಅದನ್ನೇ ನೋಡುತ್ತಾರೆ. ಎದ್ದು ನಿಂತಾಗ ಅವರ ಮುಖದಲ್ಲಿ, ಮಗಳು ಮೊದಲ ಸಲ ತನಗಿಂತ ಚೆನ್ನಾಗಿ ಹೊಲಿದದ್ದನ್ನು ಕಂಡ ತಾಯಿಯ ನಗು.

"ನನ್ನ ಕಣ್ಣು ಈಗ ಸರಿಯಾಗೇ ಇದೆ, ಆದ್ರೂ ತಪ್ಪಿಸ್ಕೊಂಡಿತ್ತು. ನಿಮಗೆ ಸಿಕ್ತು," ಎನ್ನುತ್ತಾರೆ. "ಬರೆದುಕೊಳ್ಳಿ ಮೇಡಂ, ನಿಮ್ಮ ಲೆಕ್ಕಾನೇ ಸರಿ. ಇನ್ನು ನಾನು ಯಾವತ್ತು ಬೇಕಾದ್ರೂ ಮನೆಗೆ ಹೋಗಬಹುದು."